ನಡುನೀರಿನ ಗಟ್ಟಿಮೇಳ

ನಮ್ಮೂರಿನ ಹೊಳೆ ದಾಟಲು ದೋಣಿಗೆ ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಸಾಕು. ಶಬ್ದಕ್ಕೆ ಮಾತ್ರ ಒಂದು ಅನ್ನ ಬೇಯುವಷ್ಟು ಹೊತ್ತು ಬೇಕು. ಈ ದಡದಲ್ಲಿ ನಿಂತು ಕೂಗಿದರೆ ನೀವು ಬಾಯಿ ತೆರೆದದ್ದು ಆ ದಡದವರಿಗೆ ಆಗಲೇ ಕಾಣುತ್ತದೆ. ಕೂಗು ಕೇಳುವುದು ಒಲೆಯ ಮೇಲಿಟ್ಟ ಅಕ್ಕಿ ಅನ್ನವಾದ ಮೇಲೆ. ಯಾಕೆ ಹೀಗೆ ಎಂದು ಕೇಳಿದವರೆಲ್ಲ ಹೊರಗಿನವರೇ. ಹುಟ್ಟಿದಾಗಿನಿಂದ ಹೀಗೇ ಬದುಕಿದ ನಮಗೆ ನಿಮ್ಮನ್ನು ಕಂಡರೇ ಆಶ್ಚರ್ಯ. ನಿಮ್ಮ ಹೊಳೆಗಳ ಮೇಲೆ ಕೂಗಿದ್ದು ಕೂಗಿದ ಕೂಡಲೇ ಕೇಳಿಸುತ್ತದಂತಲ್ಲ, ಬೈದ ಮೇಲೆ ಯೋಚನೆ ಮಾಡಲು ಪುರುಸೊತ್ತೇ ಇಲ್ಲದೆ ಅದು ಹೇಗೆ ಸಂಸಾರ ಮಾಡುತ್ತೀರೋ!

ಇದೆಲ್ಲ ಹೊಳೆಯ ಮೇಲೆ ಮಾತ್ರ. ಒಂದೇ ದಡದಲ್ಲಿ ನಿಂತವರ ಮಾತುಕತೆ ಎಲ್ಲ ಊರಿನ ಹಾಗೆಯೇ. ಮೀನು ಮಾರುವ ಹೆಂಗಸು ಮೊದಲು ದಡಕ್ಕೆ ಬಂದು "ಮೀನೂ" ಎಂದು ಕೂಗಿ, ಆಮೇಲೆ ನಿಧಾನವಾಗಿ ಬುಟ್ಟಿ ತುಂಬಿಸಿಕೊಂಡು ದೋಣಿ ಹತ್ತುತ್ತಾಳೆ. ಅವಳೂ ಅವಳ ಕೂಗೂ ಒಟ್ಟಿಗೆ ಆಚೆ ದಡ ಸೇರುತ್ತವೆ. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆ ನಮ್ಮೂರಿಗೆ ಅರ್ಧ ಮಾತ್ರ ಸಲ್ಲುತ್ತದೆ. ಮುತ್ತಿನ ಸಮಾಚಾರ ನನಗೆ ಗೊತ್ತಿಲ್ಲ, ಮಾತನ್ನಂತೂ ದೋಣಿ ಹತ್ತಿ ಹಿಂದೆ ಹಾಕಬಹುದು. ಸಿಟ್ಟಿನಲ್ಲಿ ಆಚೆ ದಡದವರಿಗೆ ಬೈದವರು ಬುದ್ಧಿ ಬಂದ ಕೂಡಲೇ ದೋಣಿಯಲ್ಲಿ ಹೋಗಿ, ಬೈಗುಳ ಬರುವ ಮೊದಲೇ ಆ ಮನೆಯವರನ್ನು ಒಳಗೆ ಕೂರಿಸಿ, ಬಾಗಿಲು ಹಾಕಿ, ತಟ್ಟೆ ಲೋಟ ಬಡಿದು ಗದ್ದಲ ಎಬ್ಬಿಸುತ್ತಾರೆ. ಬೈಗುಳ ಬಂದು ಗೋಡೆಗೆ ತಾಗಿ ಹೋಗುತ್ತದೆ. ಹೀಗೆ ಉಳಿದುಕೊಂಡ ನೆಂಟಸ್ತಿಕೆಗಳು ನಮ್ಮಲ್ಲಿ ಎಷ್ಟೋ ಇವೆ.

ನನ್ನ ಹೆಸರು ಚೆನ್ನಾಜಮ್ಮ. ಕ್ಲಾರಿನೆಟ್ ನುಡಿಸುತ್ತೇನೆ. ಹೆಂಗಸು ಕ್ಲಾರಿನೆಟ್ ನುಡಿಸುವುದುಂಟೇ ಎಂದು ಮೂಗಿನ ಮೇಲೆ ಬೆರಳಿಟ್ಟವರ ಮನೆಯ ಮದುವೆಗಳಲ್ಲೇ ಮೂವತ್ತು ವರ್ಷ ನುಡಿಸಿದ್ದೇನೆ. ಬ್ಯಾಂಡ್ ಸೆಟ್ ನಮ್ಮಪ್ಪನದು. ಕೆಂಪು ಕೋಟು, ಅದರ ತೋಳಿಗೆ ಜರಿಪಟ್ಟಿ, ಎಂಟು ಜನ. ಡೋಲು ಬಾರಿಸುತ್ತಿದ್ದವನು ನನ್ನ ತಮ್ಮ ಶಿವನಂಜ. ಮೂರು ವರ್ಷದ ಹಿಂದೆ ಅರಿಶಿನ ಕಾಮಾಲೆಯಲ್ಲಿ ಅವನು ಹೋದ. ಅವನ ಹಿಂದೆಯೇ ಮೇಳವೂ ಚದುರಿತು. ಒಬ್ಬ ಹಿಟ್ಟಿನ ಗಿರಣಿಗೆ ಸೇರಿದ, ಇಬ್ಬರು ಸೋಡಾ ಅಂಗಡಿ ಇಟ್ಟರು, ಉಳಿದವರು ಕೋಟು ತಂದುಕೊಟ್ಟು ಕೈಮುಗಿದರು. ಎಂಟು ಕೆಂಪು ಕೋಟುಗಳ ನಡುವೆ ಒಬ್ಬಳೇ ಕೂತು ಕ್ಲಾರಿನೆಟ್ ಒರೆಸುವ ಕಷ್ಟ ಯಾರಿಗೂ ಬೇಡ.

ನಮ್ಮೂರಿಗೆ ಇರುವುದು ಒಂದೇ ಛತ್ರ, ಅದರ ಯಜಮಾನರು ಗುರುಸಿದ್ದಪ್ಪನವರು. ಕೆಟ್ಟವರಲ್ಲ, ಅಳೆದು ತೂಗಿ ನಡೆಯುವ ಮನುಷ್ಯ. ಮಾಘ ಮಾಸದಲ್ಲಿ ನನ್ನನ್ನು ಕರೆಸಿದರು.

"ನೋಡಮ್ಮ ಚೆನ್ನಾಜಿ, ಡೋಲಿಲ್ಲದ ಮೇಳ ಅಂದ್ರೆ ಉಪ್ಪಿಲ್ಲದ ಸಾರು. ಜನ ನನ್ನ ಮುಖ ನೋಡ್ತಾರೆ. ವೈಶಾಖ ಮುಗಿಯೋದ್ರೊಳಗೆ ಒಂದು ಡೋಲು ಹುಡುಕ್ಕೋ. ಆಗ್ಲಿಲ್ಲ ಅಂದ್ರೆ ಸ್ಪೀಕರ್ ಸೆಟ್ ಹಾಕಿಸ್ತೀನಿ. ಗುಂಡಿ ಒತ್ತಿದ್ರೆ ಎಂಟಾಳಿನ ಮೇಳ ಬರ್ತದೆ, ಊಟಾನೂ ಕೇಳಲ್ಲ."

ಅದು ನನಗೆ ಬರಿಯ ಹೊಟ್ಟೆಪಾಡಿನ ಮಾತಾಗಿರಲಿಲ್ಲ. ಒಮ್ಮೆ ಸ್ಪೀಕರ್ ಹೊಕ್ಕಿತೆಂದರೆ ನಮ್ಮಪ್ಪನ ಮೇಳದ ಕಥೆ ಅಲ್ಲಿಗೆ ಮುಗಿಯಿತು. ಈ ದಡದಲ್ಲಿ ಡೋಲು ಹಿಡಿಯುವ ಕೈ ಒಂದೂ ಉಳಿದಿರಲಿಲ್ಲ.

ಇದ್ದದ್ದು ಆ ದಡದಲ್ಲಿ. ಹನ್ನೆರಡು ವರ್ಷದ ಹಿಂದೆ ಎಲ್ಲಿಂದಲೋ ಏಳು ಹೊಳೆ ದಾಟಿ ಬಂದ ಜನ ಅಲ್ಲಿ ನೆಲೆ ನಿಂತಿದ್ದರು. ಅವರ ಮಾತು ಬೇರೆ, ಉಡುಗೆ ಬೇರೆ, ಅನ್ನದ ಬಣ್ಣವೂ ಬೇರೆ. ಅವರು ಹೆಣೆದ ಚಾಪೆಯ ಮೇಲೆ ನಾವು ಮಲಗುತ್ತಿದ್ದೆವು, ಅವರ ಹೊಸಿಲು ಮಾತ್ರ ತುಳಿದವರಲ್ಲ. 'ಆಚೆಯವರು' ಎಂದರೆ ಮುಗಿಯಿತು, ಇನ್ನೊಂದು ಹೆಸರು ಬೇಕಿರಲಿಲ್ಲ. ಅವರಲ್ಲಿ ಒಬ್ಬ ದಿನವೂ ಸಂಜೆ ದಡದಲ್ಲಿ ಕೂತು ದೊಡ್ಡದೊಂದು ಡೋಲು ಬಾರಿಸುತ್ತಿದ್ದ. ಅವನು ಎದ್ದು ಹೋದ ಮೇಲೆ, ಖಾಲಿ ದಡದಿಂದ ಅದರ ನಾದ ನಮ್ಮ ಕಡೆಗೆ ಬರುತ್ತಿತ್ತು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಯಾರಿಗೂ ಹೇಳದೆ, ಅದರ ಮೇಲೆ ಕ್ಲಾರಿನೆಟ್ ನುಡಿಸುತ್ತಿದ್ದೆ. ತಮ್ಮ ಪಕ್ಕದಲ್ಲಿ ಕೂತಂತಿರುತ್ತಿತ್ತು.

ಒಂದು ದಿನ ಬೆಳಿಗ್ಗೆ ಆ ಮನುಷ್ಯ ದೋಣಿಯಿಂದಿಳಿದು ನೇರ ನನ್ನ ಮನೆಗೆ ಬಂದ. ನನ್ನದೇ ವಯಸ್ಸು, ಬೋಡು ತಲೆ, ಹಲಗೆಯಂಥ ಅಂಗೈ.

"ನಾನು ಇರೋಮು. ನನ್ನ ಡೋಲಿನ ಮೇಲೆ ಯಾರೋ ದಿನಾ ಕೂತ್ಕೋತಾರೆ. ನಾನು ಬಾರಿಸ್ತೀನಿ, ಒಂದು ಅನ್ನ ಆದ್ಮೇಲೆ ವಾಪಸ್ ಪೀಪಿ ಬರ್ತದೆ. ನೀನಾ ಅಕ್ಕ?"

ಹೋಗಲು ಒಂದು ಅನ್ನ, ಬರಲು ಒಂದು ಅನ್ನ, ಒಟ್ಟು ಎರಡಲ್ಲವೇ? ಪಾಪ, ಎಣಿಕೆ ಬರುವುದಿಲ್ಲ ಎಂದು ಮನಸ್ಸಿನಲ್ಲೇ ನಕ್ಕೆ. ಬೈಯಲು ಬಂದಿದ್ದಾನೆಂದು ಹೆದರಿದ್ದೆ. ಆದರೆ ಅವನು ಒಳಗೆ ಬಂದು ಕೂತು ಕ್ಲಾರಿನೆಟ್ಟನ್ನು ಕೈಗೆ ತೆಗೆದುಕೊಂಡು ಒಂದೊಂದೇ ಕೀಲಿ ಒತ್ತಿ ನೋಡಿ, ಮಗುವಿನ ಹಾಗೆ ನಕ್ಕ. ಅಲ್ಲಿಂದ ನಾವು ಬಲ್ಲವರಾದೆವು. ನಾನು ಅವನನ್ನು ಇರೋಮಣ್ಣ ಎಂದು ಕರೆದೆ. ನಮ್ಮ ಬೀದಿಯವರು ಕಿಟಕಿಯಿಂದ ಇಣುಕಿದ್ದೇ ಇಣುಕಿದ್ದು.

ಛತ್ರದ ವಿಷಯ ಹೇಳಿ, ಡೋಲು ತಗೊಂಡು ಈ ದಡಕ್ಕೆ ಬರುತ್ತೀಯಾ ಎಂದು ಕೇಳಿದೆ. ಅವನ ಮುಖ ಬಾಡಿತು.

"ನಾನು ಬರ್ತೀನಿ. ಡೋಲು ನೀರು ದಾಟಲ್ಲ."

"ಹಂಗಾದ್ರೆ ನನ್ನ ತಮ್ಮನ ಡೋಲು ಐತೆ. ಅದನ್ನೇ ಬಾರಿಸು."

"ಬೇರೆಯವರ ಡೋಲು ಮುಟ್ಟಲ್ಲ ಅಕ್ಕ. ನಮ್ಮಲ್ಲಿ ಹಂಗಿಲ್ಲ."

ಒಳ್ಳೆ ಹಟಮಾರಿ ಎಂದುಕೊಂಡೆ. ಯಾಕೆ ಎಂದು ಕೇಳಲಿಲ್ಲ. ಅದು ನನ್ನ ಮೊದಲ ತಪ್ಪು. ಎರಡನೆಯದನ್ನು ಅದರ ಬೆನ್ನಿಗೇ ಮಾಡಿದೆ. ದಿನಾ ಸಂಜೆ ಹೇಗೆ ನುಡಿಸುತ್ತೇವೋ ಹಾಗೆಯೇ ಮದುವೆಗೂ ನುಡಿಸಿದರಾಯಿತು ಎಂದೆ. ಅವನು ತನ್ನ ದಡದಲ್ಲೇ ಬಾರಿಸಲಿ. ಸ್ವಲ್ಪ ಮುಂಚೆ ಶುರು ಮಾಡಿದರೆ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ನಾದ ಛತ್ರದ ಅಂಗಳಕ್ಕೆ ಬರುತ್ತದೆ, ನಾನು ಅದರ ಮೇಲೆ ನುಡಿಸುತ್ತೇನೆ. ಇರೋಮುವಿನ ಕಣ್ಣು ಅರಳಿತು. ಗುರುಸಿದ್ದಪ್ಪನವರು ಗಡ್ಡ ಕೆರೆದುಕೊಂಡು, "ಒಂದು ಸಲ ನೋಡಾಣ" ಎಂದರು.

ಚೈತ್ರದಲ್ಲಿ ಒಂದು ಮದುವೆ ಗೊತ್ತಾಯಿತು. ಮುಹೂರ್ತ ನಡುಹಗಲು, ಸೂರ್ಯ ನೆತ್ತಿಯ ಮೇಲೆ ಬಂದಾಗ. "ಸೂರ್ಯ ನೆತ್ತಿಗೆ ಬರೋಕೆ ಒಂದು ಅನ್ನ ಮುಂಚೆ ಶುರು ಮಾಡ್ಬೇಕು" ಎಂದು ದೋಣಿಯ ಸೋಮಣ್ಣನ ಕೈಯಲ್ಲಿ ಹೇಳಿಕಳಿಸಿದೆ. "ಆಗಲಿ, ಒಂದು ಅನ್ನ ಮುಂಚೆ" ಎಂದು ಉತ್ತರವೂ ಬಂತು. ಮೂರು ವರ್ಷದ ಮೇಲೆ ಕೆಂಪು ಕೋಟು ತೊಟ್ಟೆ.

ಆವತ್ತು ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ, ಆವತ್ತು ಬರಲಿಲ್ಲ. ಹುಡುಗಿಗೆ ಇನ್ನೂ ಜಡೆ ಹೆಣೆಯುತ್ತಿದ್ದರು, ಬೀಗರಿಗೆ ಪಾನಕ ಹಂಚುತ್ತಿದ್ದರು, ಪುರೋಹಿತರು ದರ್ಭೆ ಹುಡುಕುತ್ತಿದ್ದರು. ಆಗ ಹೊಳೆಯ ಕಡೆಯಿಂದ ಧಿಮಿಧಿಮಿ ಎಂದು ಡೋಲು ಬಂದೇ ಬಂತು. ಎಂಥ ಡೋಲು ಅಂತೀರಿ! ಚಪ್ಪರ ನಡುಗಿತು. ಜನ ಎದ್ದು ಅಕ್ಷತೆಗೆ ಕೈಹಾಕಿದರು, ಯಾರೋ "ತಾಳಿ ಆಯ್ತಾ?" ಎಂದರು, ಗಂಡು ಗಾಬರಿಯಿಂದ ಎದ್ದು ನಿಂತ. ನಿಲ್ಲಿಸು ಎಂದು ಯಾರಿಗೆ ಹೇಳುವುದು? ಬಾರಿಸಿದವನು ಬಾರಿಸಿ ಎದ್ದು ಹೋಗಿ ಎಷ್ಟು ಹೊತ್ತಾಗಿತ್ತೋ. ಡೋಲು ತನ್ನಷ್ಟಕ್ಕೆ ಪೂರ್ತಿ ಮುಗಿಸಿ ಸುಮ್ಮನಾಯಿತು. ಆಮೇಲೆ ಸೂರ್ಯ ನೆತ್ತಿಗೆ ಬಂದ, ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೈಯೆತ್ತಿದರು, ನನ್ನದೊಂದೇ ಕ್ಲಾರಿನೆಟ್ ಒರಲಿತು. ಗಟ್ಟಿಮೇಳ ಇರುವುದೇ ಆ ಗಳಿಗೆಯಲ್ಲಿ ಕೆಟ್ಟ ಶಬ್ದವೊಂದೂ ಕಿವಿಗೆ ಬೀಳದಿರಲಿ ಎಂದು. ನಾನು ಉಸಿರೆಳೆದುಕೊಂಡ ಒಂದೇ ಒಂದು ಕ್ಷಣದಲ್ಲಿ, ಇಡೀ ಛತ್ರ ಮೌನವಾಗಿದ್ದಾಗ, ಗಂಡಿನ ಸೋದರತ್ತೆ ಸೀನಿದಳು.

ತಾಳಿಗೆ ಸೀನು! ಬೀಗರು ಎದ್ದರು, ಹುಡುಗಿಯ ತಾಯಿ ಅತ್ತಳು, ಶಾಂತಿ ಮಾಡಿಸಬೇಕೋ ಮರುಮುಹೂರ್ತ ಇಡಬೇಕೋ ಎಂದು ಕಿತ್ತಾಟವಾಯಿತು. ಗುರುಸಿದ್ದಪ್ಪನವರು ನನ್ನ ಹತ್ತಿರ ಬಂದು ಮೆಲ್ಲಗೆ, "ಸಾಕು ಕಣಮ್ಮ, ಮನೆಗೆ ಹೋಗು. ಮುಂದಿನ ಮದುವೆಗೆ ಸ್ಪೀಕರ್ ಹೇಳಿದೀನಿ" ಎಂದರು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಮನೆಗೆ ಹೋಗಲಿಲ್ಲ. ನೇರ ಹೊಳೆಯ ದಡಕ್ಕೆ ಹೋದೆ. ಆಚೆ ದಡದಲ್ಲಿ ಇರೋಮು ನಿಂತು ನನ್ನತ್ತ ಕೈಬೀಸುತ್ತಿದ್ದ. ಆ ನಗುಮುಖ ಕಂಡು ಮೈಯೆಲ್ಲ ಉರಿಯಿತು.

"ಎಣಿಕೆ ಬರದ ಮುಂಡೇವ! ನನ್ನ ಮೇಳ ಮುಳುಗಿಸಿದ್ರಲ್ಲೋ! ಏಳು ಹೊಳೆ ದಾಟಿದ್ರಂತಲ್ಲ, ಒಂದರಲ್ಲಾದ್ರೂ ಮುಳುಗಿ ಸಾಯಬಾರದಿತ್ತಾ?"

ಕೂಗಿ ಮುಗಿಸುವಷ್ಟರಲ್ಲಿ ನನ್ನ ಕಿವಿಯೇ ಸುಟ್ಟಿತು. ಅವನು ಇನ್ನೂ ಕೈಬೀಸುತ್ತಲೇ ಇದ್ದ. ನಾನು ಏನೋ ಒಳ್ಳೆಯ ಸುದ್ದಿ ಹೇಳಿದೆನೆಂದು ತಿಳಿದು ಎರಡೂ ಕೈಯೆತ್ತಿ ಕುಣಿದ. ಸೋಮಣ್ಣ ದೋಣಿಯಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ. ಅವನು ಹಗ್ಗ ಬಿಚ್ಚಿದ.

"ಹತ್ತು ತಾಯಿ. ಬೇಗ ಹುಟ್ಟು ಹಾಕ್ತೀನಿ."

ಆಚೆ ದಡ ತಲುಪಿದಾಗ ಇನ್ನೂ ಅರ್ಧ ಅನ್ನದಷ್ಟು ಹೊತ್ತಿತ್ತು. ಇರೋಮು ಓಡಿಬಂದು, "ಹೆಂಗಿತ್ತು ಅಕ್ಕ? ಹೆಂಗಿತ್ತು?" ಎಂದ. ಅವನ ಹೆಂಡತಿ ಸಾಬೆಲಿ ಮನೆಯ ಮುಂದೆ ನನಗೆಂದೇ ಚಾಪೆ ಹಾಸಿದ್ದಳು. ನಾನು ಅವನ ಕೈಹಿಡಿದು, "ಒಳಗೆ ನಡಿ ಇರೋಮಣ್ಣ, ಬಾಗಿಲು ಹಾಕು, ತಟ್ಟೆ ಕೊಡು" ಎಂದು ಎಳೆದೆ. ಅವರಿಗೆ ನಮ್ಮ ಈ ಪದ್ಧತಿ ಗೊತ್ತಿರಲಿಲ್ಲ. ಬಿಡಿಸಿ ಹೇಳಬೇಕಾಯಿತು. ಒಂದು ಮಾತು ಬರುತ್ತಿದೆ, ನನ್ನದೇ ಮಾತು, ಅದನ್ನು ನೀವು ಕೇಳಬಾರದು ಎಂದೆ.

ಇರೋಮು ನನ್ನ ಮುಖ ನೋಡಿದ. ಆಮೇಲೆ ಚಾಪೆಯ ಮೇಲೆ ಕೂತ.

"ನೀರು ದಾಟಿ ಬರೋದಲ್ವಾ? ಬರ್ಲಿ. ನೀರು ದಾಟಿ ಬಂದೋರಿಗೆ ನಾವು ಬಾಗಿಲು ಹಾಕಲ್ಲ."

ಓಡಿಹೋಗೋಣ ಎನಿಸಿತು. ಆದರೂ ಅವನ ಪಕ್ಕದಲ್ಲೇ ಕೂತೆ. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡೆ. ಸ್ವಲ್ಪ ಹೊತ್ತಿಗೆ ಹೊಳೆಯ ಮೇಲಿಂದ ನನ್ನ ಗಂಟಲು ಬಂತು. ನನ್ನ ಸ್ವರ ಅಷ್ಟು ಕೆಟ್ಟದಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಪ್ರತಿಯೊಂದು ಮಾತೂ ಸ್ಪಷ್ಟವಾಗಿ ಬಂತು, ಕೊನೆಯದಂತೂ ಇನ್ನೂ ಸ್ಪಷ್ಟವಾಗಿ ಬಂತು. ಸಾಬೆಲಿ ಎದ್ದು ಒಳಗೆ ಹೋದಳು. ನಾನು ಮುಖ ಮುಚ್ಚಿಕೊಂಡು ಅತ್ತೆ.

ಇರೋಮು ತನ್ನ ಎರಡೂ ಕೈ ಮುಂದೆ ಚಾಚಿ ಹೇಳಿದ. "ಐದನೇ ಹೊಳೇಲಿ ದೋಣಿ ಮಗುಚ್ತು. ಈ ಕೈಲಿ ಡೋಲಿನ ಹಗ್ಗ. ಈ ಕೈಲಿ ನನ್ನ ತಮ್ಮ. ಒಂದು ಕೈ ಜಾರ್ತು ಅಕ್ಕ. ಡೋಲು ದಡಕ್ಕೆ ಬಂತು, ತಮ್ಮ ಬರ್ಲಿಲ್ಲ. ಇಲ್ಲಿಗೆ ಬಂದ ದಿನ ನಮ್ಮವ್ವ ಹೇಳ್ತು, ಈ ಡೋಲು ಇನ್ನು ನೀರು ಮುಟ್ಟಬಾರ್ದು ಅಂತ."

"ನನ್ನ ತಮ್ಮನೂ ಡೋಲಿನವನೇ" ಎಂದೆ. ಅವನು ತನ್ನ ಹಲಗೆಯಂಥ ಕೈಯನ್ನು ನನ್ನ ತಲೆಯ ಮೇಲಿಟ್ಟ. ವಯಸ್ಸಿನಲ್ಲಿ ನಾನೇ ಒಂದೆರಡು ವರ್ಷ ದೊಡ್ಡವಳಿರಬೇಕು, ಆದರೂ ಆವತ್ತು ಅವನೇ ಅಣ್ಣನಾದ.

ಸಾಬೆಲಿ ತಟ್ಟೆ ಹಿಡಿದು ಹೊರಗೆ ಬಂದಳು. ಮುಖ ಇನ್ನೂ ಗಂಟಾಗಿಯೇ ಇತ್ತು, ಆದರೂ ತಟ್ಟೆಯನ್ನು ನನ್ನ ಮುಂದಿಟ್ಟಳು. ಸಂತೆಯಲ್ಲಿ ಚಾಪೆ ಮಾರುವ ಅವಳಿಗೆ ನಮ್ಮ ಮಾತು ಗಂಡನಿಗಿಂತ ಚೆನ್ನಾಗಿ ಬರುತ್ತಿತ್ತು. "ಎಣಿಕೆ ಬರದವರು ಅಂದ್ಯಲ್ಲ ಅಕ್ಕ. ಒಂದು ಅನ್ನ ಅಂತ ನೀನು ಹೇಳಿಕಳಿಸಿದ್ದೆ. ನಾನೇ ಒಲೆ ಮುಂದೆ ಕೂತಿದ್ದೆ. ಮಡಕೆಗೆ ಅಕ್ಕಿ ಹಾಕ್ದೆ, ಇವರು ಕೋಲೆತ್ತಿದ್ರು. ಅನ್ನ ಆಯ್ತು, ಸೂರ್ಯ ನೆತ್ತಿ ಮೇಲೆ ಬಂದ. ಎಲ್ಲಿ ತಪ್ಪಾಯ್ತು, ನೀನೇ ಹೇಳು."

ತಟ್ಟೆ ನೋಡಿದೆ. ದಪ್ಪ ದಪ್ಪ ಕೆಂಪಕ್ಕಿಯ ಅನ್ನ. ಒಂದಗುಳು ಹಿಸುಕಿ ನೋಡಿದೆ.

"ಸಾಬೆಲಿ, ಈ ಅಕ್ಕಿ ಬೇಯೋಕೆ ಎಷ್ಟು ಹೊತ್ತು ಬೇಕಮ್ಮ?"

"ಇದಾ? ಇದು ನಿಮ್ಮ ಬಿಳಿಯಕ್ಕಿ ಹಂಗಲ್ಲ. ನಿಮ್ಮದು ಎರಡು ಸಲ ಬೆಂದ್ರೆ ಇದು ಒಂದು ಸಲ ಬೇಯ್ತದೆ."

ನಾನು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ಕೂತೆ. ಇರೋಮುವಿಗೆ ಮೊದಲು ಹೊಳೆಯಿತು. ಅವನು ತೊಡೆ ತಟ್ಟಿಕೊಂಡು ನಗತೊಡಗಿದ. ನಾನು ಅಳುತ್ತಲೇ ನಕ್ಕೆ. ಹನ್ನೆರಡು ವರ್ಷ ಒಂದೇ ಹೊಳೆಯ ನೀರು ಕುಡಿದಿದ್ದೇವೆ, ಅವರ ಒಲೆಯ ಮೇಲೆ ಏನು ಬೇಯುತ್ತದೆ, ಎಷ್ಟು ಹೊತ್ತು ಬೇಯುತ್ತದೆ ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸಾಬೆಲಿ ನಗಲಿಲ್ಲ. "ಮೊದಲು ಉಣ್ಣು, ಆರ್ತದೆ" ಎಂದಳು. ಅವಳು ನನ್ನ ಜೊತೆ ನಕ್ಕದ್ದು ತಿಂಗಳ ಮೇಲೆ. ಅದನ್ನು ನಾನು ಸಂಪಾದಿಸಬೇಕಾಗಿತ್ತು, ಸಂಪಾದಿಸಿದೆ.

ಲೆಕ್ಕ ಸರಿಹೋಯಿತು, ಇನ್ನೇನು, ಮತ್ತೆ ನುಡಿಸೋಣ ಎಂದೆ. ಇರೋಮು ಕೂಡಲೇ ಹೂಂ ಎನ್ನಲಿಲ್ಲ.

"ಒಂದು ಮಾತು ಕೇಳ್ತೀನಿ ಅಕ್ಕ. ನೀನು ಎರಡೂ ಕೇಳ್ತೀಯ. ನನ್ನ ಡೋಲು ನಿನ್ನ ಹತ್ರ ಬರ್ತದೆ, ನೀನು ಅದರ ಮೇಲೆ ನುಡಿಸ್ತೀಯ. ನನಗೆ ಪೀಪಿ ಒಂಟಿಯಾಗಿ ಬರ್ತದೆ. ನಾನು ಇವತ್ತಿನವರೆಗೂ ಎರಡೂ ಒಟ್ಟಿಗೆ ಕೇಳಿಲ್ಲ."

ನನಗೆ ನಾಚಿಕೆಯಾಯಿತು. ಇಷ್ಟು ದಿನ ಜೊತೆ ಜೊತೆ ಎಂದು ಕುಣಿದವಳು ನಾನು, ಆದರೆ ಜೊತೆಯ ರುಚಿ ಕಂಡದ್ದು ನನ್ನ ಕಿವಿ ಒಂದೇ. ಹಾಗಾದರೆ ನಾನು ಮೊದಲು ನುಡಿಸುತ್ತೇನೆ, ನೀನು ಅದರ ಮೇಲೆ ಬಾರಿಸು ಎಂದೆ. "ಆಗ ನಿನಗೆ ಇಲ್ಲ" ಎಂದ ಅವನು. ದೋಣಿಯ ಸೋಮಣ್ಣ ಅಂಗಳದ ಅಂಚಿನಲ್ಲಿ ನಿಂತು, ಕರೆದರೂ ಚಾಪೆಯ ಹತ್ತಿರ ಬಾರದೆ, ಹಲ್ಲು ಕಡ್ಡಿ ಆಡಿಸುತ್ತಿದ್ದವನು ಬಾಯಿ ಹಾಕಿದ.

"ಅದಕ್ಯಾಕಿಷ್ಟು ತಲೆ ಕೆಡಿಸ್ಕೋತೀರಿ? ಬೆಳಗ್ಗೆ ಎರಡು ದಡದ ಕೋಳಿ ಕೂಗೋದು ಒಟ್ಟಿಗೆ ಕೇಳ್ಸೋದು ನಡುನೀರಲ್ಲಿ ನಂಗೊಬ್ಬನಿಗೆ. ನೀವಿಬ್ಬರೂ ಒಂದೇ ಸಲ ನುಡ್ಸಿ. ಮುಗಿಸಿ ದೋಣಿ ಹತ್ತಿ ಬನ್ನಿ. ಅದು ನಡುವಿಗೆ ಬರೋದ್ರೊಳಗೆ ನೀವೂ ಬಂದಿರ್ತೀರಿ."

ಇಷ್ಟು ಸರಳವಾದದ್ದು ಮೂವತ್ತು ವರ್ಷದ ಸಂಗೀತಗಾರ್ತಿಗೆ ಹೊಳೆಯದೆ ಹುಟ್ಟು ಹಾಕುವವನಿಗೆ ಹೊಳೆಯಬೇಕೇ! ಆದರೆ ಹೇಳಿದಷ್ಟು ಸುಲಭವಾಗಿರಲಿಲ್ಲ. ಒಂದೇ ಸಲ ನುಡಿಸಬೇಕೆಂದರೆ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ನುಡಿಸಬೇಕು, ಬರಿಯ ಕಣ್ಣಿನಲ್ಲಿ ತಾಳ ಹಿಡಿಯಬೇಕು. ನಾನು ಕ್ಲಾರಿನೆಟ್ಟಿನ ತುದಿಗೆ ಬಿಳಿ ಬಟ್ಟೆ ಕಟ್ಟಿದೆ, ಅವನು ಕೋಲಿಗೆ ಕೆಂಪು ಚಿಂದಿ ಕಟ್ಟಿದ. ಎರಡನೆಯ ತೊಡಕು ಇನ್ನೂ ದೊಡ್ಡದು. ನನ್ನ ಮದುವೆ ಹಾಡುಗಳೆಲ್ಲ ನಾಲ್ಕರ ನಡೆ. ಅವನ ಜನರ ನಡೆ ಐದು. ನಾಲ್ಕು ಮಾಡು ಎಂದರೆ ಅವನ ಕೈ ಕುಂಟುತ್ತಿತ್ತು, ಐದು ಮಾಡಹೋದರೆ ನನ್ನ ಉಸಿರು ಎಡವುತ್ತಿತ್ತು. ಯಾರೂ ತಮ್ಮದನ್ನು ಬಿಡುವುದು ಬೇಡ ಎಂದು ಕೊನೆಗೆ ತೀರ್ಮಾನಿಸಿದೆವು. ನನ್ನ ಐದು ಸುತ್ತಿಗೆ ಅವನ ನಾಲ್ಕು ಸುತ್ತು, ಇಪ್ಪತ್ತನೆಯ ಏಟಿನ ಮೇಲೆ ಇಬ್ಬರೂ ಕೂಡುವುದು. ಅಲ್ಲಿ ಅವನು ಕೋಲನ್ನು ತಲೆಯ ಮೇಲೆತ್ತಬೇಕು, ನಾನು ಕ್ಲಾರಿನೆಟ್ಟನ್ನು ಆಕಾಶಕ್ಕೆ ಎತ್ತಬೇಕು. ಅನ್ನದ ಲೆಕ್ಕಕ್ಕೆ ಕೈಮುಗಿದು, ಸೋಮಣ್ಣ ಹುಟ್ಟು ಹಾಕುವ ಏಟಿನ ಲೆಕ್ಕ ಹಿಡಿದೆವು. ದಡದಿಂದ ನಡುನೀರಿಗೆ ಶಬ್ದ ಬರಲು ನೂರೈವತ್ತು ಹುಟ್ಟು. ಹಾಡಿಗೆ ಅರವತ್ತು, ದೋಣಿಗೆ ಅರವತ್ತು.

ಮೊದಲ ದಿನಗಳಲ್ಲಿ ನೀವು ದಡ ಬಿಟ್ಟು ಬರುವ ತಾಪತ್ರಯವೇ ಬೇಡ, ನಾನೇ ಕೇಳಿ ಹೇಳುತ್ತೇನೆ ಎಂದ ಸೋಮಣ್ಣ. ಮೊದಲ ದಿನ ಬಂದು, "ಅತ್ತೆ ಸೊಸೆ ಜಗಳ" ಎಂದ. ಒಂದು ವಾರದ ಮೇಲೆ, "ಈಗ ಮಾತು ಬಿಟ್ಟವ್ರೆ, ಒಂದೇ ಮನೇಲಿ ಎರಡು ಒಲೆ" ಎಂದ. ಎರಡನೆಯ ವಾರ, "ಒಬ್ಬರು ಅಂದಿದ್ದಕ್ಕೆ ಇನ್ನೊಬ್ಬರು ಹೂಂ ಅಂತಾವ್ರೆ." ಈ ದಡದ ಜನ ಸ್ನಾನದ ಮೆಟ್ಟಿಲ ಮೇಲೆ ನಿಂತು ನಮ್ಮನ್ನು ನೋಡಿ ನಗುತ್ತಿದ್ದರು. ಗಂಟೆಗಟ್ಟಲೆ ಕಣ್ಣು ಕಿರಿದು ಮಾಡಿ ಆಚೆ ದಡ ನೋಡುತ್ತಾ ನಿಂತವಳಿಗೆ ಹುಚ್ಚಲ್ಲದೆ ಮತ್ತೇನು? ಛತ್ರದಲ್ಲಿ ಆಗಲೇ ಸ್ಪೀಕರ್ ಮೊಳಗುತ್ತಿತ್ತು. ಅದು ಬಾಯಿ ತೆರೆದಾಗಲೆಲ್ಲ ನಾನು ಹಲ್ಲು ಕಚ್ಚಿ ಇನ್ನೊಂದು ಸುತ್ತು ನುಡಿಸುತ್ತಿದ್ದೆ.

ಇಪ್ಪತ್ತೊಂದನೆಯ ದಿನ ಸೋಮಣ್ಣ ದಡಕ್ಕೆ ಬಂದು, ಟವೆಲಿನಿಂದ ಮುಖ ಒರೆಸಿಕೊಂಡು ಕೂತ.

"ಏನಾಯ್ತೋ? ಮತ್ತೆ ಜಗಳವಾ?"

"ಚೆನ್ನಾಜಕ್ಕ, ನನ್ನ ಮಗಳು ದೇವೀರಿ ಮದುವೆ ವೈಶಾಖದಲ್ಲಿ. ಛತ್ರದಲ್ಲಿ ಮಾಡಲ್ಲ. ನಡುನೀರಲ್ಲೇ ಮಾಡ್ತೀನಿ. ಇದನ್ನ ನಾನೊಬ್ನೇ ಕೇಳಿದ್ರೆ ಪಾಪ ಬರ್ತದೆ."

ಊರು ಮಾತಾಡಿದ್ದೇ ಮಾತಾಡಿದ್ದು. ನೀರಿನ ಮೇಲೆ ಮದುವೆಯಂತೆ, ಮೇಳದವರು ದಡದಲ್ಲಂತೆ! ಗುರುಸಿದ್ದಪ್ಪನವರು, "ಈ ಸಲ ಯಾರು ಸೀನ್ತಾರೋ" ಎಂದರಂತೆ. ನನಗೆ ಗೊತ್ತಿತ್ತು, ಇದೇ ಕೊನೆಯ ಅವಕಾಶ. ಇದು ಕೆಟ್ಟರೆ ಎಂಟು ಕೋಟುಗಳನ್ನೂ ಹೊಳೆಗೆ ಬಿಟ್ಟು ಕೈತೊಳೆದುಕೊಳ್ಳುವುದೇ.

ಮದುವೆಯ ಬೆಳಿಗ್ಗೆ ಹನ್ನೊಂದು ದೋಣಿಗಳನ್ನು ಸಾಲಾಗಿ ಬಿಗಿದು, ಹಲಗೆ ಹಾಸಿ, ಮೇಲೆ ಸಾಬೆಲಿ ಮತ್ತು ಅವಳ ಓರಗಿತ್ತಿಯರು ಹೆಣೆದ ಚಾಪೆ ಹಾಸಿ, ಬಾಳೆಕಂದು ಕಟ್ಟಿದರು. ಪುರೋಹಿತರಿಗೆ ನೀರೆಂದರೆ ಜೀವಭಯ. ಒಂದು ಕೈಯಲ್ಲಿ ಪಂಚಾಂಗ, ಇನ್ನೊಂದು ಕೈಯಲ್ಲಿ ದೋಣಿಯ ಹಗ್ಗ ಹಿಡಿದು ಮಂತ್ರ ಹೇಳಿದರು. ಈ ದಡದಿಂದಲೂ ಆ ದಡದಿಂದಲೂ ಇದ್ದಬದ್ದ ದೋಣಿ, ತೆಪ್ಪ, ಹರಿಗೋಲುಗಳೆಲ್ಲ ಹೊರಟವು. ಎರಡೂ ದಡದವರು ಮೊದಲ ಸಲ ಮೊಣಕೈಗೆ ಮೊಣಕೈ ತಾಗಿಸಿ ಕೂತದ್ದು ಆವತ್ತೇ. ಜಾಗ ಸಾಲದಿದ್ದರೆ ಮತ್ತೇನು ಮಾಡುವುದು?

ನಾನು ಕೆಂಪು ಕೋಟು ತೊಟ್ಟು ನಮ್ಮ ದಡದಲ್ಲಿ ಒಬ್ಬಳೇ ನಿಂತೆ. ಆ ದಡದಲ್ಲಿ ಇರೋಮು. ಅವನೂ ಕೆಂಪು ಕೋಟು ತೊಟ್ಟಿದ್ದ. ನನ್ನ ತಮ್ಮನ ಕೋಟು, ಹಿಂದಿನ ದಿನ ನಾನೇ ಕೊಟ್ಟದ್ದು. ಭುಜದಲ್ಲಿ ಬಿಗಿ, ಗುಂಡಿ ಕೂಡಿರಲಿಲ್ಲ. ನಡುವಿನಿಂದ ಸೋಮಣ್ಣ ಹಳದಿ ವಸ್ತ್ರ ಎತ್ತಿದ. ಕೆಂಪು ಚಿಂದಿ ಮೇಲೆದ್ದಿತು. ನಾನು ಉಸಿರು ತುಂಬಿಕೊಂಡೆ.

ಕಿವಿಗೆ ನನ್ನದೊಂದೇ ಸ್ವರ. ಕಣ್ಣಿಗೆ ಅವನ ಕೋಲು. ನಾಲ್ಕು, ನಾಲ್ಕು, ನಾಲ್ಕು, ನಾಲ್ಕು, ನಾಲ್ಕು, ಎತ್ತು! ಅಲ್ಲಿ ಕೆಂಪು, ಇಲ್ಲಿ ಬಿಳಿ, ಒಟ್ಟಿಗೆ ಎದ್ದವು. ಮತ್ತೆ. ಮತ್ತೆ. ಬೆವರು ಕಣ್ಣಿಗಿಳಿದರೂ ರೆಪ್ಪೆ ಹೊಡೆಯಲಿಲ್ಲ. ಅರವತ್ತು ಮುಗಿಯಿತು. ಕ್ಲಾರಿನೆಟ್ಟನ್ನು ಎದೆಗವಚಿಕೊಂಡು ದೋಣಿಗೆ ಹಾರಿದೆ. ಸೋಮಣ್ಣನ ಸೋದರಳಿಯಂದಿರು ಹುಟ್ಟು ಹಾಕಿದ ವೇಗಕ್ಕೆ ಸೆರಗೆಲ್ಲ ಒದ್ದೆಯಾಯಿತು. ಆ ಕಡೆಯಿಂದ ಇರೋಮು ಬರಿಗೈಯಲ್ಲಿ ಬಂದ. ಡೋಲು ದಡದಲ್ಲೇ, ಒಣನೆಲದ ಮೇಲೆ ಕೂತಿತ್ತು. ನಾವಿಬ್ಬರೂ ಮಂಟಪದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತೆವು. ಸೋಮಣ್ಣ ಬೆರಳೆಣಿಸುತ್ತಿದ್ದ. ನೂರ ನಲವತ್ತು. ನೂರ ನಲವತ್ತೈದು. ಗಂಡು ತಾಳಿ ಎತ್ತಿಕೊಂಡ. "ಗಟ್ಟಿಮೇಳ" ಎಂದು ಪುರೋಹಿತರು ಮೆಲ್ಲಗೆ, ಯಾರನ್ನು ಕರೆಯುವುದೆಂದು ತಿಳಿಯದೆ, ಖಾಲಿ ನೀರಿಗೆ ಹೇಳಿದರು.

ಬಂತು. ಬಲದಿಂದ ಡೋಲು, ಎಡದಿಂದ ಕ್ಲಾರಿನೆಟ್, ಎರಡೂ ಒಂದೇ ಏಟಿಗೆ ಬಂದು ನಮ್ಮ ತಲೆಯ ಮೇಲೆ ಕೂಡಿದವು. ದೋಣಿಗಳು ನಡುಗಿದವು. ನನ್ನ ನಾಲ್ಕು ಓಡಿತು, ಅವನ ಐದು ಬೆನ್ನಟ್ಟಿತು, ಇಪ್ಪತ್ತಕ್ಕೆ ಸರಿಯಾಗಿ ಒಂದನ್ನೊಂದು ಅಪ್ಪಿಕೊಂಡವು. ಜನ "ಹೋ" ಎಂದರು. ಎರಡನೆಯ ಇಪ್ಪತ್ತಕ್ಕೆ ಆಚೆಯವರೂ ಈಚೆಯವರೂ ಕೈತಟ್ಟಿದರು, ಮೂರನೆಯದಕ್ಕೆ ಯಾರು ಯಾವ ದಡದವರೆಂದು ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ತಾಳಿಯ ಗಂಟು ಬಿತ್ತು, ಅಕ್ಷತೆ ನೀರಿನ ಮೇಲೆಲ್ಲ ಬಿತ್ತು. ಅಷ್ಟರಲ್ಲಿ ಯಾರಾದರೂ ಸೀನಿದ್ದರೆ ಸೀನಿದವರಿಗೇ ಕೇಳಿಸಿರಲಿಕ್ಕಿಲ್ಲ. ಮೂವತ್ತು ವರ್ಷ ಎಷ್ಟೋ ಮದುವೆಗಳಲ್ಲಿ ನುಡಿಸಿದ್ದೆ, ಕೈ ಮಡಿಲಲ್ಲಿಟ್ಟುಕೊಂಡು ನನ್ನ ಮೇಳವನ್ನು ಕೇಳಿದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ ಬಾಯಿಗೆ ಸೆರಗು ತುರುಕಿಕೊಳ್ಳಬೇಕಾಯಿತು. ಇರೋಮು ಕಣ್ಣು ಮುಚ್ಚಿ ಕೂತಿದ್ದ. ಅವನ ಬೆರಳುಗಳು ನನ್ನ ತಮ್ಮನ ಕೋಟಿನ ಮೇಲೆ ಕ್ಲಾರಿನೆಟ್ಟಿನ ನಾಲ್ಕನ್ನು ಎಣಿಸುತ್ತಿದ್ದವು, ತನ್ನ ಐದನ್ನಲ್ಲ.

ಮೇಳ ನಿಂತಾಗ ಗುರುಸಿದ್ದಪ್ಪನವರು ಮೂರು ದೋಣಿ ದಾಟಿ, ಪಂಚೆಯ ಅಂಚು ಎತ್ತಿ ಹಿಡಿದು, ನಮ್ಮ ಹತ್ತಿರ ಬಂದರು. ಕಣ್ಣು ಕೆಂಪಾಗಿತ್ತು.

"ಚೆನ್ನಾಜಿ, ಮುಂದಿನ ತಿಂಗಳು ನನ್ನ ಮೊಮ್ಮಗನ ಮದುವೆ. ನೀವಿಬ್ಬರೂ ಬರಬೇಕು. ಸ್ಪೀಕರ್ ತೆಗೆಸಿಬಿಡ್ತೀನಿ."

ನಾನು ಇರೋಮುವಿನ ಮುಖ ನೋಡಿದೆ. ಅವನು ಕಣ್ಣು ತೆರೆದು, ಹೊಳೆಯ ಎರಡೂ ದಡಗಳನ್ನು ನೋಡಿ, ಗುರುಸಿದ್ದಪ್ಪನವರ ಕಡೆ ತಿರುಗಿ ಕೈಮುಗಿದ.

"ಬರ್ತೀವಿ ಯಜಮಾನ್ರೇ. ಆದ್ರೆ ಛತ್ರ ದಡದಲ್ಲಿದೆ. ಅಲ್ಲಿ ನಮ್ಮಿಬ್ಬರಲ್ಲಿ ಒಬ್ಬರಿಗೇ ಎರಡೂ ಕೇಳೋದು."

"ಮತ್ತೇನ್ ಮಾಡ್ಲಪ್ಪಾ?"

"ನೀವೇ ಇಲ್ಲಿಗೆ ಬನ್ನಿ" ಎಂದೆ ನಾನು.

ಗುರುಸಿದ್ದಪ್ಪನವರು ಬಿಗಿದ ದೋಣಿಗಳನ್ನು ಬೆರಳಿನಲ್ಲಿ ಎಣಿಸಿದರು. ಆಮೇಲೆ ಸೋಮಣ್ಣನನ್ನು ಕೂಗಿ, ಇಂಥವು ಇಪ್ಪತ್ತು ದೋಣಿ ಕಟ್ಟಲು ಎಷ್ಟು ದಿನ ಬೇಕೆಂದು ಕೇಳಿದರು.